ಕೊರಳ ಹಿಂದಿನ ಹೊಲಿಗೆ

ಎರಡು ಫುಟ್‌ಬಾಲ್ ತಂಡಗಳಿಗೆ ಒಂದೇ ಮೈದಾನವಿದ್ದ ಊರು ಅದು. ಗಿರಣಿಯವರದು ಹಳದಿ ಅಂಗಿ, ವರ್ಕ್‌ಷಾಪಿನವರದು ನೀಲಿ. ಟಿಕೆಟಿನ ಕಿಂಡಿಗಳೂ ಎರಡು, ಅಕ್ಕಪಕ್ಕದಲ್ಲಿ. ನಡುವೆ ಸೊಂಟದೆತ್ತರದ ಒಂದು ಕಬ್ಬಿಣದ ಸರಳು. ಸರಳಿನ ಯಾವ ಬದಿಗೆ ನಿಲ್ಲಬೇಕೆಂಬುದನ್ನು ಅಲ್ಲಿ ಯಾರೂ ತಾವಾಗಿ ಆರಿಸಿಕೊಂಡಿರಲಿಲ್ಲ. ಹುಟ್ಟಿದ ಮನೆ, ಇಲ್ಲವೇ ಸೇರಿದ ಮನೆ, ಅದನ್ನು ಮೊದಲೇ ನಿಶ್ಚಯಿಸಿರುತ್ತಿತ್ತು. ಆರಿಸಿಕೊಂಡವಳು ಒಬ್ಬಳೇ ಎಂಬಲ್ಲಿ ಈ ಕತೆ ಹೇಳುವವರೆಲ್ಲ ಒಮ್ಮತದವರು.

ಅವಳನ್ನು ಎಲ್ಲರೂ ರಫು ಅಕ್ಕ ಎನ್ನುತ್ತಿದ್ದರು. ಹರಿದ ಬಟ್ಟೆಗೆ ಅದೇ ಬಣ್ಣದ ನೂಲು ಹಾಕಿ, ಹರಿದಿತ್ತೆಂಬುದೇ ಕಣ್ಣಿಗೆ ಬೀಳದಂತೆ ಕೂಡಿಸುವುದು ಅವಳ ಕಸುಬು. ಅಂಗಡಿಯೆಂದರೆ ಮನೆಯ ಮೆಟ್ಟಿಲ ಕೆಳಗಿನ ಜಾಗ: ಒಂದು ಹೊಲಿಗೆ ಮಿಷನ್, ಒಂದು ಇಸ್ತ್ರಿಪೆಟ್ಟಿಗೆ, ತಗ್ಗಾಗಿ ಇಳಿಬಿಟ್ಟ ಒಂದು ದೀಪ. ಗಂಡ ಬಸ್ ಡ್ರೈವರ್. ಮಾವ ಬದುಕಿರುವ ತನಕ ಗಿರಣಿಯಲ್ಲಿ ದುಡಿದವರು. ಹಾಗಾಗಿ ಅತ್ತೆ, ಗಂಡ, ಮೈದುನ ಮತ್ತು ಅವಳಿಗೆ ಹಳದಿ ಕಡೆಯ ಏಳನೆಯ ಸಾಲಿನಲ್ಲಿ ನಾಲ್ಕು ಕುರ್ಚಿಗಳು. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಕೂತಳು. ಆಟವನ್ನಲ್ಲ, ಮನೆಯವರನ್ನು ನೋಡಿಕೊಂಡು ಅವರು ಎದ್ದಾಗ ಎದ್ದಳು, ಅವರು ತಲೆಯ ಮೇಲೆ ಕೈ ಹೊತ್ತಾಗ ತಾನೂ ಹೊತ್ತಳು.

ಎರಡೂ ತಂಡಗಳ ಹರಿದ ಅಂಗಿಗಳು ಬರುತ್ತಿದ್ದುದು ಅವಳ ಬಳಿಗೇ. ಹಳದಿ ಅಂಗಿಗಳು ಮೊಣಕೈ ಬಳಿ, ಹೊಟ್ಟೆಯ ಬಳಿ, ಎಲ್ಲೆಂದರಲ್ಲಿ ಹರಿದಿರುತ್ತಿದ್ದವು. ನೀಲಿ ಅಂಗಿಗಳದು ಮಾತ್ರ ಒಂದೇ ಜಾಗ, ಕೊರಳ ಹಿಂದಿನ ಹೊಲಿಗೆ. ಯಾರೋ ಹಿಂದಿನಿಂದ ಕೈಹಾಕಿ ಎಳೆದಂತೆ ಅದು ಬಿಚ್ಚಿಕೊಂಡಿರುತ್ತಿತ್ತು. ಹಿಂದಿನಿಂದ ಎಳೆಯಬೇಕಾದರೆ ಅಂಗಿ ತೊಟ್ಟವನು ಮುಂದೆ ಓಡುತ್ತಿರಲೇಬೇಕು. ಈ ಲೆಕ್ಕಾಚಾರ ಅವಳ ತಲೆಯಲ್ಲಿ ವರ್ಷಗಟ್ಟಲೆ ಬಲಿಯಿತು. ಒಂದು ಸಂಜೆ ಊಟದ ಹೊತ್ತಿಗೆ ಅದು ಬಾಯಿಗೆ ಬಂತು.

"ರೀ, ಈ ಸಲ ನನ್ನ ಟಿಕೆಟ್ ನಾನೇ ತಗೋತೀನಿ. ನೀಲಿ ಕಡೆ."

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮ, ಇವಳಿಗೆ ಜ್ವರ ಗಿರ ಬಂದಿದೆಯಾ ನೋಡು."

"ಜ್ವರ ಅಲ್ಲ ಕಣೋ, ನೆಟ್ಟಗೆ ನನ್ನ ಮುಖ ನೋಡ್ಕೊಂಡೇ ಹೇಳ್ತಿದ್ದಾಳೆ," ಎಂದರು ಅತ್ತೆ. "ನೋಡಮ್ಮ, ನೀನು ಸಾರಿಗೆ ಉಪ್ಪು ಮರೆತ್ರೆ ಉಣ್ತೀನಿ. ನೀಲಿ ಅಂದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ."

"ನಿಮಗೆ ಇಳಿಸ್ಕೊಳ್ಳಿ ಅಂತಿಲ್ಲ ಅತ್ತೆ. ನಾನು ಹೋಗ್ತೀನಿ ಅಂತಿದ್ದೀನಿ, ಅಷ್ಟೆ."

"ಏನು ಕಂಡು ಹೋಗ್ತೀಯ?"

ಅವಳು ಕೊರಳ ಹಿಂದಿನ ಹೊಲಿಗೆಯ ವಿಚಾರವನ್ನು ಬಿಡಿಸಿ ಹೇಳಿದಳು. ಗಂಡ ನೆತ್ತಿಗೆ ಹತ್ತುವಷ್ಟು ನಕ್ಕ. "ಆಟ ನೋಡಿ ತಂಡ ಹಿಡಿಯೋರನ್ನ ಕಂಡಿದ್ದೀನಿ. ದಾರ ನೋಡಿ ಹಿಡಿಯೋಳು ನೀನೊಬ್ಬಳೇ."

ನಗು ನಿಂತ ಮೇಲೆ ನಿಜವಾದ ತೊಡಕು ಎದುರಾಯಿತು. ಮನೆಯ ಸಾಲು ಮನೆಗೇ ಉಳಿಯಬೇಕಾದರೆ ವರ್ಷಾರಂಭದಲ್ಲಿ ನಾಲ್ಕೂ ಹೆಸರು ಬರೆಸಬೇಕು. ಒಂದು ಹೆಸರು ತಪ್ಪಿದರೂ ನಾಲ್ಕೂ ಕುರ್ಚಿಗಳು ಅವಕ್ಕಾಗಿ ಕಾದು ಕೂತವರ ಪಾಲು. ಅಲ್ಲದೆ ಒಬ್ಬರ ಹೆಸರು ಎರಡು ಕಿಂಡಿಗಳಲ್ಲಿ ಇರುವಂತಿಲ್ಲ.

"ಅಪ್ಪ ಕೂತ ಸಾಲು ಕಣೆ ಅದು," ಎಂದ ಗಂಡ. ಈ ಸಲ ದನಿಯಲ್ಲಿ ನಗುವಿರಲಿಲ್ಲ.

ಆ ಮಾತು ಅವಳಿಗೆ ನಾಟದೆ ಇರಲಿಲ್ಲ. ಮಾವ ಒಳ್ಳೆಯವರಾಗಿದ್ದರು. ಆದರೆ ಅವರೂ ಒಂದು ದಿನ ಕೂಡ ಅವಳನ್ನು, ನಿನಗೆ ಯಾರು ಗೆಲ್ಲಬೇಕಮ್ಮ ಎಂದು ಕೇಳಿದವರಲ್ಲ.

"ನಾಲ್ಕನೆಯವರನ್ನ ಹುಡುಕಿ. ಇನ್ನೂ ಹತ್ತು ದಿನ ಇದೆ," ಎಂದು ಅವಳು ತಟ್ಟೆಗಳನ್ನು ಎತ್ತಿದಳು.

ಗಂಡ ಹುಡುಕಲಿಲ್ಲ. ಕೊನೆಯ ಗಳಿಗೆಯಲ್ಲಿ ಇವಳು ಮೆತ್ತಗಾಗುತ್ತಾಳೆ ಎಂಬುದು ಅವನ ಎಣಿಕೆ. ಕೊನೆಯ ದಿನ ಮಧ್ಯಾಹ್ನ ಅವನು ಅತ್ತೆಯನ್ನೂ ಕರೆದುಕೊಂಡು ಹಳದಿ ಸಾಲಿನಲ್ಲಿ ನಿಂತ. ಸರಳಿನ ಈಚೆಗೆ, ಅವನಿಂದ ಒಂದು ಮೊಳ ದೂರದಲ್ಲಿ, ಅವಳು ನೀಲಿ ಸಾಲಿನಲ್ಲಿ ನಿಂತಳು. ಅವಳ ಹಿಂದೆಯೇ ನೀಲಿ ತಂಡದ ಸಾಮಾನು ನೋಡಿಕೊಳ್ಳುವ ಮುದುಕ ಬಂದು ಸೇರಿದ. ಹರಿದ ಅಂಗಿಗಳ ಗಂಟನ್ನು ಅವಳ ಅಂಗಡಿಗೆ ಹೊತ್ತು ತರುತ್ತಿದ್ದವನು ಅವನೇ.

"ಏನಕ್ಕ, ದಾರಿ ತಪ್ಪಿ ಬಂದ್ರಾ?"

"ಇಲ್ಲಪ್ಪ. ನಿಮ್ಮ ಹುಡುಗರನ್ನ ನೋಡೋಕೆ. ಅಷ್ಟು ಮುಂದೆ ಓಡ್ತಾರಲ್ಲ, ಪಾಪ, ಎಲ್ಲರೂ ಹಿಂದಿನಿಂದ ಕಾಲರ್ ಹಿಡಿದು ಎಳೆಯೋರೇ."

ಮುದುಕ ಕಣ್ಣು ಪಿಳುಕಿಸಿದ. "ಯಾರು ಎಳೀತಾರಕ್ಕ? ನಮ್ಮವರನ್ನ ಎಳೆದು ಹಿಡಿಯೋ ಪ್ರಮೇಯವೇ ಬರಲ್ಲ. ಅದು ಮೊಳೆ ಕೆಲಸ. ಬಟ್ಟೆ ಬದಲಿಸೋ ಕೋಣೇಲಿ ಇರೋದು ಆರೇ ಮೊಳೆ. ಅಂಗಿ ಹನ್ನೊಂದು. ಒಗೆದು ಒಂದರ ಮೇಲೊಂದು ಹಸಿಹಸಿ ನೇತುಹಾಕ್ತೀನಿ. ಕೆಳಗಿನ ಅಂಗಿ ಬೇಕಾದವನು ಕಾಲರಿಗೆ ಕೈಹಾಕಿ ಜಗ್ತಾನೆ. ಬಿಚ್ಕೊಳುತ್ತೆ."

ಸರಳಿನಾಚೆ ಗಂಡನ ಭುಜಗಳು ಕುಲುಕತೊಡಗಿದವು. ಅತ್ತೆ ಸೆರಗು ಬಾಯಿಗೊತ್ತಿಕೊಂಡರು.

"ಕೇಳಿಸ್ತಾ?" ಎಂದ ಗಂಡ, ಕಣ್ಣೊರೆಸಿಕೊಳ್ಳುತ್ತ. "ಮೊಳೆಯಂತೆ. ಸಾಕು, ಈ ಕಡೆ ದಾಟು. ನಮ್ಮ ಮುಂದೆ ಇನ್ನು ಇಬ್ಬರೇ ಇರೋದು."

ಅವಳ ಕಿವಿ ಬಿಸಿಯಾಯಿತು. ಮೂವತ್ತು ವರ್ಷ ಸೂಜಿ ಹಿಡಿದ ಕೈ ಮೊಳೆಯ ಹರಕನ್ನು ಆಟದ ಹರಕೆಂದು ಓದಿತ್ತು. ಸರಳಿನ ಕೆಳಗೆ ಬಗ್ಗಿದರೆ ಆಯಿತು, ಏಳನೆಯ ಸಾಲು ಉಳಿಯುತ್ತದೆ, ನಗುವೂ ಎರಡು ದಿನದಲ್ಲಿ ಹಳತಾಗುತ್ತದೆ. ಹೊಲಿಗೆ ಸುಳ್ಳು ಹೇಳಿತ್ತು, ನಿಜ. ಆದರೆ ದೀಪದ ಕೆಳಗೆ ಆ ನೀಲಿ ಬಟ್ಟೆ ಕೈಗೆ ಬಂದಾಗಲೆಲ್ಲ ಅದನ್ನು ತೊಟ್ಟವನು ಎಲ್ಲರನ್ನೂ ಹಿಂದಿಕ್ಕಿ ಓಡುವುದನ್ನು ಅವಳು ಕಂಡಿದ್ದಳು, ಅವನು ಗೋಲು ಮುಟ್ಟಲಿ ಎಂದು ಬಯಸಿದ್ದಳು. ಏಳನೆಯ ಸಾಲಿನಲ್ಲಿ ಕೂತು ಅವಳು ಯಾರಿಗಾಗಿಯೂ ಅಷ್ಟು ಬಯಸಿದ್ದಿಲ್ಲ.

ಅವಳು ಮುದುಕನತ್ತ ತಿರುಗಿದಳು. "ಇನ್ನೈದು ಮೊಳೆ ಹೊಡೀಬೇಕು ಅಂತ ಇಷ್ಟು ವರ್ಷ ನಿಮಗೆ ಹೊಳೀಲಿಲ್ವಾ?"

"ಹೊಳೀತು ಅಕ್ಕ. ಯಾರೂ ಹೇಳಲಿಲ್ಲ."

"ನಾನು ಹೇಳ್ತಿದ್ದೀನಲ್ಲ. ನಾಳೆ ಸುತ್ತಿಗೆ ತರ್ತೀನಿ, ಬಾಗಿಲು ತೆಗೆದಿರಿ."

ಹಳದಿ ಕಿಂಡಿಯಲ್ಲಿ ಕೂತವನು ಪೆನ್ನು ಎತ್ತಿ ಕೇಳಿದ. "ಮೂರು ಹೆಸರಾಯ್ತು. ನಾಲ್ಕನೇದು?"

ಗಂಡ ಅವಳನ್ನು ನೋಡಿದ. ನಗು ಈಗ ಅವನ ಮುಖದಲ್ಲಿರಲಿಲ್ಲ.

"ನಿಮ್ಮ ಬಸ್ಸಿನ ಕಂಡಕ್ಟರ್ ಹೆಸರು ಬರೆಸಿ," ಎಂದಳು ಅವಳು. "ದಿನಾ ಜೊತೇಲೇ ಇರ್ತಾರಲ್ಲ."

"ಅವನು ಬಾಯಿ ಮುಚ್ಚೋನಲ್ಲ ಕಣೆ."

"ನಾನು ಇಪ್ಪತ್ತೆರಡು ವರ್ಷ ಮುಚ್ಚಿದ್ದೆ. ಸರಿಹೋಗುತ್ತೆ."

ಅತ್ತೆ ಸೊಸೆಯನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಮಗನ ಮೊಣಕೈ ತಿವಿದರು. "ಬರೆಸೋ. ಇವಳು ದಾಟಲ್ಲ. ಆದರೆ ನೋಡಮ್ಮ, ಸೋತು ಬಂದು ಮನೇಲಿ ಮುಖ ಊದಿಸ್ಕೊಂಡ್ರೆ ನಾನು ಸುಮ್ಮನಿರೋಳಲ್ಲ."

"ನೀವು ಸೋತಾಗ ಊದಿಸ್ಕೊಳ್ಳೋದನ್ನ ನೋಡೇ ಕಲಿತಿದ್ದೀನಿ ಅತ್ತೆ. ಅಷ್ಟೇ ಊದಿಸ್ತೀನಿ."

ಗಂಡ ಕಂಡಕ್ಟರನ ಹೆಸರು ಬರೆಸಿದ. ಈಚೆ ಕಿಂಡಿಯಲ್ಲಿ ಅವಳು ತನ್ನ ಹೆಸರನ್ನು ತಾನೇ ಹೇಳಿದಳು, ಇಡೀ ವರ್ಷದ ಟಿಕೆಟನ್ನು ತೆಗೆದುಕೊಂಡಳು.

ಮೊದಲ ಪಂದ್ಯ ಎರಡು ತಂಡಗಳ ನಡುವೆಯೇ ಬಿತ್ತು. ನೀಲಿ ಕಡೆ ಅವಳಿಗೆ ಸಿಕ್ಕಿದ್ದು ಕಂಬದ ಪಕ್ಕದ ಜಾಗ. ಸುತ್ತ ಗುರುತಿನವರು ಒಬ್ಬರೂ ಇರಲಿಲ್ಲ. ಒಂಬತ್ತನೆಯ ನಿಮಿಷಕ್ಕೆ ಹಳದಿಯವರು ಗೋಲು ಹೊಡೆದರು. ಎದುರುಗಡೆ ಏಳನೆಯ ಸಾಲು ಎದ್ದು ಕುಣಿಯಿತು. ಅವಳು ಮೊದಲ ಸಲ ಅದರೊಂದಿಗೆ ಏಳಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದವನು ಅನುಕಂಪದಿಂದ ಬಗ್ಗಿದ. "ಹೊಸಬರಾ ಅಮ್ಮ? ನಮ್ಮದು ಯಾವಾಗಲೂ ಹೀಗೇ."

"ಇರಲಿ," ಎಂದು ಅವಳು ಕುರ್ಚಿಯ ಅಂಚಿಗೆ ಸರಿದು ಕೂತಳು. "ಸ್ವಲ್ಪ ತಲೆ ಪಕ್ಕಕ್ಕೆ ತಗೊಳ್ಳಿ, ಕಾಣ್ತಿಲ್ಲ. ಇನ್ನೂ ಎಂಬತ್ತೊಂದು ನಿಮಿಷ ಇದೆ."