ವಿಷಲ್ಲಿಗೊಂದು ಚಿಟಿಕೆ ನವಣೆ

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಅಪ್ಪ ಕಾಕಟೀಲ್ ಎಂಬ ಜುಟ್ಟಿನ ಗಿಣಿಯೊಂದನ್ನು ತಂದು ಅದಕ್ಕೆ ಪಾಠ ಹೇಳಲು ಕೂತರು. ಮೂರು ಬಣ್ಣದ ಕಡ್ಡಿ, ಮೂರು ಬಣ್ಣದ ರಿಂಗು. ಗಿಣಿ ಕೆಂಪು ರಿಂಗನ್ನು ಕೆಂಪು ಕಡ್ಡಿಗೆ ಹಾಕಿದ ಕೂಡಲೇ ಅಪ್ಪ ತಮ್ಮ ಹಳೆಯ ವಿಷಲ್ ಊದಿ ಒಂದು ಚಿಟಿಕೆ ನವಣೆ ಕೊಡುತ್ತಿದ್ದರು. ತಪ್ಪಿದರೆ ವಿಷಲ್ಲೂ ಇಲ್ಲ, ನವಣೆಯೂ ಇಲ್ಲ. ಗಿಣಿ ಬೇರೆ ಕಡ್ಡಿ ನೋಡಿಕೊಳ್ಳಬೇಕು.

"ವಿಷಲ್ ಕೇಳಿಸ್ತು ಅಂದ್ರೆ ಕಾಳು ಕೊಡ್ಲೇಬೇಕು ನಾಗಶ್ರೀ. ಒಂದ್ಸಲ ಮೋಸ ಮಾಡಿದ್ರೂ ಮುಗೀತು, ಆಮೇಲೆ ಅದು ನನ್ನ ನಂಬಲ್ಲ."

ಎಂಟು ತಿಂಗಳಲ್ಲಿ ಗಿಣಿ ಮೂರೂ ರಿಂಗು ಕಲಿಯಿತು. ಆ ಎಂಟು ತಿಂಗಳಲ್ಲಿ ಅಪ್ಪನನ್ನು ಯಾರೂ ಎಲ್ಲಿಗೂ ಕರೆಯಲಿಲ್ಲ. ಹಾಗಾಗಿ ನಾನು ಪಾಠ ಮಾಡುವ ಹಿರಿಯೂರಿನ ಶಾಲೆಯ ಹೆಡ್‌ಮಿಸ್ ಹೇಮಾವತಿ, ಗಿಣಿಯ ಆಟ ಮಕ್ಕಳಿಗೆ ತೋರಿಸಲಿ ಎಂದು ಹೇಳಿ ಕಳಿಸಿದಾಗ ಅಪ್ಪ ಕಡ್ಡಿ, ರಿಂಗುಗಳನ್ನೆಲ್ಲ ತೊಳೆದು ಒರೆಸಿಟ್ಟರು. ಹೊರಡುವ ದಿನ ಬೆಳಿಗ್ಗೆ ಎರಡು ಸಲ ಗಡ್ಡ ಹೆರೆದುಕೊಂಡರು.

ಧರ್ಮಪುರದಲ್ಲಿ ಬಸ್ ಹತ್ತಿದೆವು. ಕಂಡಕ್ಟರ್ ಜುಂಜೇಶಣ್ಣ ಅಪ್ಪನ ಹತ್ತಿರ ಕೆಲಸ ಕಲಿತವನು. ನಮಸ್ಕಾರ ಮಾಡಿ, ಸೀಟು ಕೊಡಿಸಿ, ಎರಡು ವಿಷಲ್ ಊದಿದ.

ಪಂಜರದೊಳಗಿಂದ ಗಿಣಿ ಅಪ್ಪನ ಮುಖ ನೋಡಿತು. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಡಬ್ಬಿ ತೆಗೆದು ಎರಡು ಚಿಟಿಕೆ ನವಣೆ ಕೊಟ್ಟರು.

ಬಸ್ ನಿಲ್ಲಿಸಲು ಒಂದು ವಿಷಲ್, ಹೊರಡಲು ಎರಡು. ಆ ದಾರಿಯಲ್ಲಿ ಕೈ ಅಡ್ಡ ಹಿಡಿದಲ್ಲೆಲ್ಲ ಬಸ್ ನಿಲ್ಲುತ್ತದೆ.

"ಅಪ್ಪ, ಜುಂಜೇಶಣ್ಣಂಗೆ ಊದಬೇಡ ಅಂತ ಹೇಳ್ಲಾ?"

"ಕಂಡಕ್ಟರ್‌ಗೆ ವಿಷಲ್ ಊದಬೇಡ ಅಂತೀಯೇನೆ? ಸುಮ್ನೆ ಕುಂತ್ಕ."

ಪಂಜರಕ್ಕೆ ನನ್ನ ವೇಲು ಹೊದಿಸಿದೆ. ಮುಂದಿನ ವಿಷಲ್ಲಿಗೆ ವೇಲಿನ ಸಂದಿಯಿಂದ ಕೊಕ್ಕು ಹೊರಬಂತು.

ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡುತ್ತಲೇ ಇದ್ದಳು. "ಏನಪ್ಪ, ಸ್ಟಾಪ್ ಸ್ಟಾಪಿಗೂ ಉಣ್ಣಾಕಿಕ್ತೀಯಲ್ಲ! ನನ್ ಸೊಸೆ ದಿನಕ್ಕೆರಡು ಸಲ ಇಕ್ಕಾಕೇ ಮಕ ಗಂಟು ಹಾಕ್ತಾಳೆ. ನನ್ನೂ ಒಂದು ಪಂಜರದಾಗೆ ಹಾಕ್ಕಂಡು ಹೋಗು."

"ರಿಂಗು ಹಾಕಾಕೆ ಬರ್ತೈತೇನಮ್ಮ?" ಎಂದು ಅಪ್ಪ ಕೇಳಿದರು.

ಹಿರಿಯೂರು ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು.

ಶಾಲೆಯ ಅಂಗಳದಲ್ಲಿ ಇನ್ನೂರು ಮಕ್ಕಳು ಕೂತಿದ್ದರು. ಅಪ್ಪ ಮೇಜಿನ ಮೇಲೆ ಕಡ್ಡಿ, ರಿಂಗುಗಳನ್ನು ಜೋಡಿಸಿ ಪಂಜರ ತೆರೆದರು. ಗಿಣಿ ಹೊರಗೆ ಬಂದು, ಮೈ ಉಬ್ಬಿಸಿ, ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿತು. ಐದು ನಿಮಿಷವಾದರೂ ತೆರೆಯಲಿಲ್ಲ.

"ಒಂದು ವಿಷಲ್ ಊದ್ರಿ ಸರ್, ಎಚ್ಚರ ಆಗತ್ತೆ" ಎಂದರು ಹೇಮಾವತಿ ಮೇಡಂ.

"ಅದು ಕೆಲಸ ಮಾಡಿದ ಮೇಲೆ ಊದೋದು ಮೇಡಂ. ಸುಮ್‌ಸುಮ್ನೆ ಊದಂಗಿಲ್ಲ."

ಮೇಡಂ ಮಕ್ಕಳನ್ನು ಒಳಗೆ ಕಳಿಸಿ, ಇನ್ನೊಮ್ಮೆ ನೋಡೋಣ ಎಂದರು. ಅಪ್ಪ ಗಿಣಿಯನ್ನೂ ಕಡ್ಡಿ, ರಿಂಗುಗಳನ್ನೂ ಸ್ಟಾಫ್ ರೂಮಿನ ಮೇಜಿಗೆ ತಂದರು.

ಮೂರು ಗಂಟೆಗೆ, ಅಲ್ಲಿ ನಾವಿಬ್ಬರೇ ಇದ್ದಾಗ, ಗಿಣಿ ಎಚ್ಚರವಾಗಿ ಮೈ ಕೊಡವಿತು. ಮೇಜಿನ ಮೇಲೆ ನಡೆದು ಬಂದು, ಕೆಂಪು ರಿಂಗನ್ನು ಎತ್ತಿ ಕೆಂಪು ಕಡ್ಡಿಗೆ ಹಾಕಿತು.

ಅಪ್ಪ ವಿಷಲ್ಲನ್ನು ತುಟಿಗಿಟ್ಟುಕೊಂಡರು. ಊದಲಿಲ್ಲ. ಬೆರಳು ಡಬ್ಬಿಯ ತಳವನ್ನು ಸವರಿ ಬರಿದೇ ಬಂತು.

ಗಿಣಿ ಕಾಯಿತು. ಆಮೇಲೆ ಅದೇ ರಿಂಗನ್ನು ಕಿತ್ತು ಹಳದಿ ಕಡ್ಡಿಗೆ ಹಾಕಿ ಅಪ್ಪನ ಕಡೆ ನೋಡಿತು.

"ಲೇ, ಮೊದ್ಲು ಹಾಕಿದ್ದೇ ಸರಿ ಐತಲ್ಲೇ" ಎಂದರು ಅಪ್ಪ.

ಗಿಣಿ ರಿಂಗು ಕಚ್ಚಿಕೊಂಡು ನೀಲಿ ಕಡ್ಡಿಯ ಕಡೆ ಹೊರಟಿತ್ತು. ನಾನು ನವಣೆ ತರಲು ಅಂಗಡಿಗೆ ಓಡಿದೆ.