ಗುಲಾಬಿ ಗೆರೆ

ಕಾರಿನಲ್ಲಿ ಎಲ್ಲೋ ಗಡಗಡ ಸದ್ದು ಬರುತ್ತಿದೆ ಎಂದು ಗಂಡ ಹೇಳಿದ್ದಕ್ಕೆ, ಅವಳು ಷೆಡ್ಡಿನಲ್ಲಿ ಮಂಡಿಯೂರಿ ಒಂದೊಂದೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡುತ್ತಿದ್ದಳು. ಬಿಡಿಭಾಗಗಳನ್ನು ತರಿಸಿ ಇಬ್ಬರೂ ಸೇರಿ ಜೋಡಿಸಿದ ಹಗುರ ಸ್ಪೋರ್ಟ್ಸ್ ಕಾರು ಅದು. ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ ಅವಳು ತನ್ನ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದಿದ್ದಳು. ಬೋಲ್ಟು ತಿರುಗಿದರೆ ಗೆರೆ ಮುರಿದು ಗೊತ್ತಾಗುತ್ತದೆ. ಓಡಿಸುವುದು ಮಾತ್ರ ಅವನೇ. "ಬಲು ಸೂಕ್ಷ್ಮದ ಗಾಡಿ ಕಣೇ, ನಿನ್ನ ಕೈಲಾಗಲ್ಲ" ಎನ್ನುತ್ತಿದ್ದ.

ಸಡಿಲವಾಗಿದ್ದದ್ದು ಡ್ರೈವರ್ ಸೀಟಿನ ಬೋಲ್ಟು. ಅದರ ಮೇಲಿದ್ದ ಗೆರೆ ಗುಲಾಬಿ ಬಣ್ಣದ್ದು. ಅವಳ ಬಳಿ ಗುಲಾಬಿ ಪಾಲಿಶ್ ಇರಲೇ ಇಲ್ಲ. ಸೀಟು ಕೂರಿಸುವ ತೂತುಗಳ ಸಾಲಿನಲ್ಲಿ ಒಂದು ತೂತು ಮುಂದಕ್ಕೆ, ಯಾರೋ ಗಿಡ್ಡನೆಯವರಿಗಾಗಿ ಸೀಟು ಸರಿಸಿ ಮತ್ತೆ ಹಿಂದಕ್ಕೆ ಕೂರಿಸಿದ ಹೊಸ ಗೀರು ಹೊಳೆಯುತ್ತಿತ್ತು.

"ರೀ, ಈ ಸೀಟು ಬಿಚ್ಚಿದ್ರಾ?"

"ಇಲ್ವಲ್ಲ! ನಾನು ಯಾರ ಕೈಗೂ ಗಾಡಿ ಕೊಟ್ಟಿಲ್ಲಪ್ಪ" ಎಂದ ಅವನು, ಬಾಗಿಲಲ್ಲೇ ನಿಂತು.

ಯಾರ ಕೈಗೆ ಕೊಟ್ಟಿರೆಂದು ಅವಳು ಕೇಳಿಯೇ ಇರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಅವನ ಮುಖ ನೋಡಿದಳು.

"ಏನೇ ಹಾಗೆ ನೋಡ್ತೀಯ? ನಿನಗೆ ಹಗ್ಗ ಕಂಡ್ರೂ ಹಾವೇ" ಎಂದು ನಕ್ಕು ಅವನು ಒಳಗೆ ಹೋದ.

ಅವಳು ಸೀಟನ್ನು ಆ ಮುಂದಿನ ತೂತಿಗೇ ಸರಿಸಿ ಕೂತು ನೋಡಿದಳು. ಪೆಡಲ್ಲುಗಳು ಕಾಲಿಗೆ ಸಲೀಸಾಗಿ ಸಿಕ್ಕವು. ಇಷ್ಟು ದಿನ ತನಗೆ ಬೇಕಿದ್ದದ್ದು ಇದೊಂದು ತೂತಿನಷ್ಟೇ ದೂರದಲ್ಲಿತ್ತು. ಬೋಲ್ಟು ಬಿಗಿದು, ಗುಲಾಬಿಯನ್ನು ಕೆರೆದು, ಕೆಂಪು ಗೆರೆ ಎಳೆದಳು.

"ಸದ್ದು ಸರಿಹೋಯ್ತು ರೀ" ಎಂದಷ್ಟೇ ಕೂಗಿ ಹೇಳಿದಳು. ಬೆಳಿಗ್ಗೆ ಅವನು ಏಳುವ ಮೊದಲೇ ಕಾರು ತೆಗೆದು ಒಬ್ಬಳೇ ಹೊರಡುವುದೆಂದು ತೀರ್ಮಾನಿಸಿದ್ದನ್ನು ಹೇಳಲಿಲ್ಲ.