ಸೀಸದ ಅಕ್ಷರ

ಗೋಡೆಗೆ ಒರಗಿಸಿ ಕೂರಿಸಿದ್ದ ಜಯದೇವಪ್ಪನವರ ತಲೆ ಮತ್ತೆ ಪಕ್ಕಕ್ಕೆ ವಾಲಿತು. ಮಗಳು ಲಿಖಿತಾ ಅಪ್ಪನ ಎರಡೂ ಭುಜ ಹಿಡಿದುಕೊಂಡಳು. ಸೋದರಮಾವ ಗೌರೀಶಂಕರ ಬಿಳಿ ಬಟ್ಟೆಯ ಸೀಳೊಂದನ್ನು ಹಣೆಯ ಮೇಲಿಂದ ಹಾಯಿಸಿ ಕಿಟಕಿಯ ಸರಳಿಗೆ ಬಿಗಿದ.

“ಮೂವತ್ ವರ್ಷ ಊರಿಗೆಲ್ಲ ‘ಉಸಿರು ಹಿಡ್ಕೊಳಿ, ಅಲ್ಲಾಡ್ಬೇಡಿ’ ಅಂದೋರು ನಮ್ ಭಾವ. ಇವತ್ತು ಅವ್ರೇ ಅಲ್ಲಾಡ್ತಾರೆ ನೋಡು.”

ಬಾಗಿಲ ಬಳಿ ಕುಳಿತಿದ್ದ ಹೆಂಗಸರು ಅಳುವಿನ ನಡುವೆಯೇ ನಕ್ಕುಬಿಟ್ಟರು. ಲಿಖಿತಾಗೆ ನಗು ಬರಲಿಲ್ಲ. ಉತ್ತರಹಳ್ಳಿಯ ಆ ಬಾಡಿಗೆ ಮನೆಯ ಮೆಟ್ಟಿಲ ಹತ್ತಿರ, ಚಪ್ಪಲಿಗಳ ರಾಶಿಯ ನಡುವೆ ಒಬ್ಬ ಶೂ ಬಿಚ್ಚುತ್ತಿದ್ದ. ಟೀವಿ ಚಾನೆಲ್ಲಿನ ದೀಪಕ್.

“ಇವನನ್ನ ಯಾರು ಕರೆದ್ರು?”

“ನಾನೇ ಕಣೇ,” ಎಂದ ಗೌರೀಶಂಕರ. “ಕೆಟ್ಟದ್ ಹಾಕ್ದೋರೇ ನಾಲ್ಕು ಒಳ್ಳೆ ಮಾತೂ ಹಾಕ್ಲಿ. ಹೋಗೋವಾಗ್ಲಾದ್ರೂ ಮರ್ಯಾದೆ ಬೇಡ್ವಾ?”

“ಅಪ್ಪ ಒಳ್ಳೆ ಮಾತು ಕೇಳಿರ್ಲಿಲ್ಲ ಮಾವ. ತಿದ್ದುಪಡಿ ಕೇಳಿದ್ರು. ಒಂದೇ ಒಂದು ಸಾಲು.”

*

ಜಯದೇವಪ್ಪ ಎಕ್ಸ್‌ರೇ ಟೆಕ್ನಿಷಿಯನ್. ನಡುವಯಸ್ಸಿನಲ್ಲಿ ಏಜೆನ್ಸಿಯೊಂದರ ಮೂಲಕ ಮರಳುಗಾಡಿನ ದೇಶಕ್ಕೆ ಹೋಗಿ, ಅಲ್ಲಿ ಬೀಡುಬಿಟ್ಟಿದ್ದ ಪರದೇಶದ ಸೇನೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು. ಸೈನಿಕರು ತಾವು ಹಿಡಿದಿಟ್ಟವರನ್ನು ಕಣ್ಣಿಗೆ ಪಟ್ಟಿ ಕಟ್ಟಿಯೇ ಅವರ ಕೋಣೆಗೆ ತರುತ್ತಿದ್ದರು. ಚೀಟಿಯಲ್ಲಿ ಯಾವಾಗಲೂ ಒಂದೇ ಕಾರಣ: ಮೆಟ್ಟಿಲಿಂದ ಬಿದ್ದದ್ದು.

“ಅಲ್ಲಿದ್ದಿದ್ದೆಲ್ಲ ಟೆಂಟು ಲಿಖಿ,” ಎಂದು ಅವರು ಮಗಳಿಗೆ ಹೇಳಿದ್ದರು. “ಮೆಟ್ಟಿಲೇ ಇರ್ಲಿಲ್ಲ.”

ಒಬ್ಬನ ಎಡಗೈಯ ಮೂರು ಬೆರಳುಗಳು ಒಂದೇ ಗೆರೆಯಲ್ಲಿ ಮುರಿದಿದ್ದವು. ಬಿದ್ದವನ ಕೈ ಹಾಗೆ ಮುರಿಯುವುದಿಲ್ಲ. ಆ ಕೈಯದ್ದೇ ಹೆಚ್ಚುವರಿಯಾಗಿ ತೆಗೆದ ಇನ್ನೊಂದು ಫಿಲ್ಮು ಕಸದ ಡಬ್ಬಕ್ಕೆ ಹೋಗಬೇಕಿತ್ತು; ಅದನ್ನು ಅವರು ಸೂಟ್‌ಕೇಸಿನ ತಳದಲ್ಲಿ ಅಡಗಿಸಿ ತಂದರು. ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಕೊನೆಗೆ ಆ ಮನುಷ್ಯನೇ ಬಿಡುಗಡೆಯಾಗಿ ಬಾಯಿಬಿಟ್ಟ, ಹೊರದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಾಲ್ಕು ವರ್ಷದ ಹಿಂದೆ, ಅದರ ಜಾಡು ಹಿಡಿದು ದೀಪಕ್ ಕ್ಯಾಮೆರಾದವನೊಂದಿಗೆ ಈ ಮನೆಗೆ ಬಂದ.

ಜಯದೇವಪ್ಪ ಅವನಿಗೆ ಟೀ ತರಲೆಂದು ಒಳಗೆ ಹೋದಾಗ ದೀಪಕ್ ಫಿಲ್ಮನ್ನು ಕಿಟಕಿಯ ಗಾಜಿಗೆ ಹಿಂದುಮುಂದಾಗಿ ಒತ್ತಿ ಹಿಡಿದ. ಹಾಗೆ ಹಿಡಿದರೆ ಎಡಗೈ ಬಲಗೈಯಾಗಿ ಕಾಣುತ್ತದೆ. ಈ ತಪ್ಪು ಆಗಬಾರದೆಂದೇ ಎಕ್ಸ್‌ರೇ ತೆಗೆಯುವಾಗ ಕೈಯ ಪಕ್ಕ ಸೀಸದ ಅಕ್ಷರವೊಂದನ್ನು ಇಡುವುದು. ಎಡಕ್ಕೆ ಎಲ್, ಬಲಕ್ಕೆ ಆರ್. ಅಕ್ಷರ ತಿರುಗಿ ಕಂಡರೆ ಫಿಲ್ಮು ತಿರುಗಿದೆ ಎಂದರ್ಥ. ಆದರೆ ಟೀವಿ ಪರದೆಯಲ್ಲಿ ಅಕ್ಷರವಿದ್ದ ಮೂಲೆಯ ಮೇಲೆಯೇ ಚಾನೆಲ್ಲಿನ ಲೋಗೋ ಕೂತಿತ್ತು.

ಎರಡೇ ದಿನಕ್ಕೆ ಆ ಸೇನೆಯ ವಕ್ತಾರ ನಗುನಗುತ್ತಾ ಹೇಳಿದ: ನಮ್ಮ ದಾಖಲೆಯಲ್ಲಿ ಪೆಟ್ಟು ಎಡಗೈಗೆ, ಇವರು ತೋರಿಸಿದ್ದು ಯಾರದೋ ಬಲಗೈ. ಚಾನೆಲ್ ತನ್ನ ತಪ್ಪು ಹುಡುಕಲಿಲ್ಲ. ‘ಬೆಂಗಳೂರಿನ ಎಕ್ಸ್‌ರೇ ನಾಟಕ!’ ಎಂದು ಇಡೀ ಸಂಜೆ ನಾಲ್ವರನ್ನು ಕೂರಿಸಿ ಕಿರುಚಿಸಿತು. ಜಯದೇವಪ್ಪ ಆಗ ಕೆಲಸಕ್ಕಿದ್ದ ಜೆ.ಪಿ. ನಗರದ ಸ್ಕ್ಯಾನ್ ಸೆಂಟರಿನವರು ಅವರಿಗೆ ವಿಶ್ರಾಂತಿ ತಗೊಳ್ಳಿ ಎಂದರು. ಚಾನೆಲ್ಲಿನವರು ಒಯ್ದ ಫಿಲ್ಮು ವಾಪಸು ಬರಲೇ ಇಲ್ಲ.

ತಿದ್ದುಪಡಿಯ ಆ ಒಂದು ಸಾಲಿಗಾಗಿ ಜಯದೇವಪ್ಪ ಪ್ರತಿ ಸೋಮವಾರ ಇಸ್ತ್ರಿ ಅಂಗಿ ತೊಟ್ಟು ಚಾನೆಲ್ಲಿನ ರಿಸೆಪ್ಷನ್ನಿನಲ್ಲಿ ಕೂತು ಬರುತ್ತಿದ್ದರು. ಸಾಯುವ ಹಿಂದಿನ ಸೋಮವಾರವೂ ಹೋಗಿದ್ದರು.

*

ಅಯ್ನೋರು ಮಂತ್ರ ಹೇಳುತ್ತಾ ಜಯದೇವಪ್ಪನವರ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟರು. ಆಗ ಸಿದ್ದಗಂಗಮ್ಮ ಮಗಳ ಕೈಗೆ ಏನನ್ನೋ ತುರುಕಿದರು. ಗಂಡನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು: ಅಂಟುಪಟ್ಟಿ ಮೆತ್ತಿಕೊಂಡಿದ್ದ, ಬೆರಳುದ್ದದ ಸೀಸದ ಎಲ್.

ಲಿಖಿತಾ ಅದನ್ನು ಅಪ್ಪನ ವಿಭೂತಿ ಬಳಿದ ಎಡ ಮಣಿಕಟ್ಟಿಗೆ ಅಂಟಿಸಿದಳು.

“ಲಿಂಗದ ಹತ್ರ ಅದೆಲ್ಲ ಯಾಕವ್ವಾ?” ಎಂದರು ಅಯ್ನೋರು.

“ಇದಿಲ್ದೆ ಅಪ್ಪ ಯಾರ ಕೈನೂ ಕಳಿಸ್ತಿರ್ಲಿಲ್ಲ ಅಯ್ನೋರೇ.”

ಅವರು ಬಿಲ್ವಪತ್ರೆ ಏರಿಸಿದರು.

ದೀಪಕ್ ಮೆಲ್ಲಗೆ ಹತ್ತಿರ ಬಂದ. “ಮೇಡಂ, ಕ್ಯಾಮೆರಾದವ್ರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದಾರೆ. ಫೋನಲ್ಲೇ ಮುಗಿಸ್ತೀನಿ. ತಂದೆಯವರ ಬಗ್ಗೆ ಎರಡು ಮಾತು ಹೇಳಿ.”

“ಫಿಲ್ಮ್ ಎಲ್ಲಿ?”

“ಆಫೀಸ್ ಶಿಫ್ಟ್ ಆಯ್ತಲ್ಲ ಮೇಡಂ, ಅದರಲ್ಲಿ…”

“ಹಿಂದುಮುಂದು ಹಿಡಿದಿದ್ದು ನೀವು. ಅದನ್ನ ಹೇಳ್ತೀನಿ. ಹಾಕ್ತೀರಾ?”

“ಶ್ಯೂರ್ ಮೇಡಂ. ಪ್ರಾಮಿಸ್.”

ಅವಳು ಪಾಠ ಹೇಳಿದಂತೆ ಬಿಡಿಸಿ ಬಿಡಿಸಿ ಹೇಳಿದಳು. ಮುಗಿದ ಮೇಲೆ ದೀಪಕ್ ಫೋನಿನ ಕ್ಯಾಮೆರಾವನ್ನು ತನ್ನ ಕಡೆಗೆ ಬದಲಾಯಿಸಿಕೊಂಡ. ತನ್ನ ಹೆಗಲ ಹಿಂದೆ ಹೆಣ ಕಾಣುವಂತೆ ಕೈ ಚಾಚಿ ಹಿಡಿದು, ತಗ್ಗಿದ ದನಿಯಲ್ಲಿ ಅದೇನೋ ಮಾತಾಡಿದ.

*

ರುದ್ರಭೂಮಿಯಲ್ಲಿ ಗುಂಡಿ ಮುಚ್ಚಿಯಾಗಿತ್ತು. ದೀಪಕ್ ಅಲ್ಲಿಗೂ ಬಂದು ಗೇಟಿನ ಬಳಿ ಅಡ್ಡಾಡುತ್ತಿದ್ದ. ಶವ ತಂದ ವ್ಯಾನಿನ ಪಕ್ಕ ನಿಂತು ಕೈತೊಳೆಯುತ್ತಿದ್ದ ಲಿಖಿತಾಳನ್ನು ಗೌರೀಶಂಕರ ಕೂಗಿದ. “ಬಂತು ನೋಡೇ, ಬಂತು!”

ಅವನ ಫೋನಿನಲ್ಲಿ ಮೂವತ್ತು ಸೆಕೆಂಡಿನ ತುಣುಕು. ‘ವಿದೇಶಿ ಸೈನಿಕರ ಸೇವೆ ಮಾಡಿದ ಹೆಮ್ಮೆಯ ಕನ್ನಡಿಗ ಇನ್ನಿಲ್ಲ.’ ಮುಂದೆ ದೀಪಕ್, ಹಿಂದೆ ಅಪ್ಪ. ಅವಳ ಒಂದು ಮಾತೂ ಇರಲಿಲ್ಲ.

“ಲೇ, ಇದೇನಿದು?” ಗೌರೀಶಂಕರನ ದನಿ ಏರಿತು. “ಲಿಂಗ ಬಲಗೈಲಿದೆ! ಅಯ್ನೋರು ಎಡಗೈಲಿ ತಾನೇ ಇಟ್ಟಿದ್ದು?”

ಜನ ಸುತ್ತುಗಟ್ಟಿದರು. ನಾಲ್ಕು ವರ್ಷ ಸುಮ್ಮನಿದ್ದ ನೆಂಟರೆಲ್ಲ ಈಗ ಒಟ್ಟಿಗೆ ಕೂಗಾಡತೊಡಗಿದರು. “ಏನ್ರೀ ಅವಮಾನ ಇದು?” “ನಮ್ ಸಂಸ್ಕಾರ ಅಂದ್ರೆ ಆಟನಾ?” ಗೌರೀಶಂಕರ ದೀಪಕ್‌ನ ಕಾಲರ್ ಹಿಡಿದು ಎಳೆತಂದ.

“ಸಾರ್, ಸಾರ್! ಫೋನಿನ ಮುಂದಿನ ಕ್ಯಾಮೆರಾ, ಉಲ್ಟಾ ಬರುತ್ತೆ ಅಷ್ಟೇ. ಎಡಗೈನೇ ಸಾರ್ ಅದು!”

“ಉಲ್ಟಾ ಅಂತ ಹೇಗೆ ಹೇಳ್ತೀರಾ?” ಲಿಖಿತಾ ಕೇಳಿದಳು.

“ನಾನೇ ಅಲ್ಲಿದ್ನಲ್ಲ ಮೇಡಂ! ಕಣ್ಣಾರೆ ನೋಡಿದೀನಿ!”

“ಅಪ್ಪನೂ ಅಲ್ಲಿದ್ರು.”

ಅವಳು ಮಾವನ ಫೋನನ್ನು ಕಿತ್ತುಕೊಂಡು, ಚಿತ್ರವನ್ನು ನಿಲ್ಲಿಸಿ, ವ್ಯಾನಿನ ಪಕ್ಕದ ಕನ್ನಡಿಗೆ ಎದುರಾಗಿ ಹಿಡಿದಳು. ಒದ್ದೆ ಕೈಯಿಂದ ಕನ್ನಡಿಯ ಧೂಳು ಒರೆಸಿದಳು. ದೀಪಕ್ ಹಿಂದೆ ಸರಿಯಲು ನೋಡಿದ.

“ಅಲ್ಲಾಡ್ಬೇಡಿ,” ಎಂದಳು. “ಓದಿ.”

ಈ ಸಲ ಆ ಮೂಲೆಯಲ್ಲಿ ಲೋಗೋ ಇರಲಿಲ್ಲ. ಕನ್ನಡಿಯೊಳಗೆ ಲಿಂಗ ಜಯದೇವಪ್ಪನವರ ಎಡಗೈಗೆ ಮರಳಿತ್ತು. ಅದರ ಕೆಳಗೆ, ಬೂದಿ ಬಳಿದ ಮಣಿಕಟ್ಟಿನ ಮೇಲೆ, ಸೀಸದ ಅಕ್ಷರ ಕಪ್ಪಗೆ, ನೆಟ್ಟಗೆ ನಿಂತಿತ್ತು.